ಕೇಳುವ ಕುಣಿತ, ನೋಡುವ ಕುಣಿತ

(ಮೈಸೂರಿನಲ್ಲಿ ನೃತ್ಯ ಕಲಿಯುವವರ ಮುಂದೆ ಐರಿಷ್ ನೃತ್ಯದ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ವೇದಿಕೆಯ ಮೇಲೆ ಒಂದು ಮರದ ಹಲಗೆ ಇಟ್ಟುಕೊಂಡಿದ್ದೆ. ಹೆಜ್ಜೆ ಹಾಕಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕೋರಿಕೆ. ಅರ್ಧ ನಿಮಿಷ ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ. ನಾನು ಈ ಹಲಗೆಯ ಮೇಲೆ ಹೆಜ್ಜೆ ಹಾಕುತ್ತೇನೆ. ಸಂಗೀತ ಇಲ್ಲ, ಬರೀ ಕಾಲು. ಸುಮ್ಮನೆ ಕೇಳಿ.

ಈಗ ಕಣ್ಣು ಬಿಡಿ. ಏನು ಕೇಳಿಸಿತು? ಹಿಂದಿನಿಂದ ಯಾರೋ ‘ಕುದುರೆ ಓಟ’ ಅಂದಿರಿ. ಮುಂದಿನ ಸಾಲಿನಲ್ಲಿರುವ ಮೃದಂಗದ ಹುಡುಗ ‘ತಿಶ್ರ’ ಅಂದ. ಸರಿಯಾಗಿ ಹೇಳಿದೆಯಪ್ಪ. ನಾನು ಹಾಕಿದ್ದು ಜಿಗ್. ಅದು 6/8ರ ಲಯ, ಮೂರು ಮೂರರ ಎರಡು ಗುಂಪು. ರೀಲ್ ಎಂಬುದು ನಾಲ್ಕರ ನಡೆ. ಹಾರ್ನ್‌ಪೈಪ್ ಕೂಡ ನಾಲ್ಕರದೇ, ಆದರೆ ತೊಟ್ಟಿಲು ತೂಗಿದ ಹಾಗೆ ಹೋಗುತ್ತದೆ. ಸ್ಲಿಪ್ ಜಿಗ್‌ನಲ್ಲಿ ಮೂರು ಮೂರರ ಮೂರು ಗುಂಪು, 9/8. ನೀವು ಕಣ್ಣು ಮುಚ್ಚಿಯೇ ಇಷ್ಟು ಹಿಡಿದಿರಿ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅಲ್ಲಿಂದಲೇ ಹೊರಡುತ್ತದೆ.

ನಾನು ಭರತನಾಟ್ಯ ಕಲಿತದ್ದು ಇದೇ ಊರಿನಲ್ಲಿ. ಆಮೇಲೆ ಕೆಲಸಕ್ಕೆಂದು ಐರ್ಲೆಂಡಿಗೆ ಹೋದೆ. ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ ಮನೆ ಮಾಡಿದೆವು. ಮಗಳಿಗೆ ಆರು ತುಂಬಿದಾಗ ಶಾಲೆಯ ಗೆಳತಿಯರ ಜೊತೆ ತಾನೂ ಐರಿಷ್ ನೃತ್ಯದ ತರಗತಿಗೆ ಹೋಗುತ್ತೇನೆಂದು ಹಟ ಹಿಡಿದಳು. ಹೊರಗಿನ ಬೆಂಚಿನ ಮೇಲೆ ಕೂತು ಕಾಯುವ ಅಮ್ಮಂದಿರಲ್ಲಿ ನಾನೂ ಒಬ್ಬಳಾದೆ. ಬಾಗಿಲು ಮುಚ್ಚಿರುತ್ತಿತ್ತು, ಒಳಗಿನದು ಏನೂ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು. ಕೆಲವು ತಿಂಗಳಲ್ಲೇ ನಾನು ದೊಡ್ಡವರ ತರಗತಿಗೆ ಹೆಸರು ಕೊಟ್ಟೆ.

ಸಾಂಪ್ರದಾಯಿಕ ಐರಿಷ್ ನೃತ್ಯಕ್ಕೂ ಈಗಿನ ದೊಡ್ಡ ರಂಗಪ್ರದರ್ಶನಗಳ ನೃತ್ಯಕ್ಕೂ ಏನು ವ್ಯತ್ಯಾಸ ಎಂದು ಯಾರನ್ನು ಕೇಳಿದರೂ ಮೊದಲು ಕೈಯನ್ನು ತೋರಿಸುತ್ತಾರೆ. ಹಳೆಯದರಲ್ಲಿ ಕೈ ಮೈಗೆ ಅಂಟಿದ ಹಾಗೆ ನೆಟ್ಟಗಿರುತ್ತದೆ, ಹೊಸದರಲ್ಲಿ ಕೈ ಬಿಚ್ಚಿಕೊಂಡಿದೆ, ಅಷ್ಟೇ ಎಂದು. ಈ ಉತ್ತರ ಪೂರ್ತಿ ಸರಿಯಲ್ಲ. ಕೈ ಸಡಿಲ ಬಿಟ್ಟು ಕುಣಿಯುವುದು ಅಲ್ಲಿ ಹಳೆಯ ಸಂಗತಿಯೇ. ವ್ಯತ್ಯಾಸವನ್ನು ಕಿವಿಯಲ್ಲಿ ಹುಡುಕಬೇಕು ಎಂಬುದು ಇಷ್ಟು ವರ್ಷ ಕಲಿತು, ನೋಡಿ, ನನಗೆ ಆಗಿರುವ ತಿಳಿವಳಿಕೆ. ಆ ಕುಣಿತ ಕೇಳಿಸಬೇಕೆಂದು ಹುಟ್ಟಿತು. ಬರಬರುತ್ತಾ ಕಾಣಿಸಬೇಕೆಂದು ಬದಲಾಯಿತು. ಈ ಬದಲಾವಣೆ 1994ರಲ್ಲಿ ಒಂದೇ ರಾತ್ರಿ ಆಯಿತು ಎನ್ನುವವರಿದ್ದಾರೆ. ಅದಕ್ಕೆ ನೂರು ವರ್ಷ ಹಿಡಿದಿದೆ.

ಗಾಲ್ವೇಯಿಂದ ಸಮುದ್ರದ ಅಂಚು ಹಿಡಿದು ಪಶ್ಚಿಮಕ್ಕೆ ಹೋದರೆ ಕಾನಮಾರಾ ಸಿಗುತ್ತದೆ. ಕಲ್ಲು, ಜೌಗು, ಬಿಡದ ಗಾಳಿ. ಅಲ್ಲಿನ ಹಳ್ಳಿಗಳಲ್ಲಿ ಐರಿಷ್ ಭಾಷೆ ಇವತ್ತಿಗೂ ಮನೆಮಾತು. ಒಂದು ಚಳಿಗಾಲದ ರಾತ್ರಿ ಅಲ್ಲಿನ ಪಬ್ಬೊಂದರಲ್ಲಿ ಇಬ್ಬರು ವಾದ್ಯಗಾರರು ಕೂತಿದ್ದರು, ಒಬ್ಬರದು ಮೆಲೋಡಿಯನ್ ಎಂಬ ಕೈತಿದಿಯ ವಾದ್ಯ, ಇನ್ನೊಬ್ಬರದು ಪಿಟೀಲು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಎದ್ದರು. ಮೈಮೇಲೆ ಹಳೆಯ ಸ್ವೆಟರ್, ಕಾಲಲ್ಲಿ ದಿನಾ ಹಾಕುವ ಷೂ. ಒಂದು ಬಾಗಿಲಿನಷ್ಟು ಅಗಲದ ಜಾಗದಲ್ಲಿ ನಿಂತರು. ನಿಂತದ್ದು ನಮಗೆ ಬೆನ್ನು ಮಾಡಿ. ನೆರೆದ ಜನಕ್ಕೆ ಬೆನ್ನು, ವಾದ್ಯಕ್ಕೆ ಮುಖ. ನೃತ್ಯ ಎಂದರೆ ಸಭೆಗೆ ಮುಖ ಕೊಡುವುದು ಎಂದು ಕಲಿತವಳು ನಾನು. ಬೆರಗಾಗಿ ನೋಡಿದೆ.

ಅವರ ಕಾಲು ನೆಲದಿಂದ ಎರಡು ಅಂಗುಲ ಎದ್ದರೆ ಹೆಚ್ಚು. ಕೈಗಳು ತಮ್ಮ ಪಾಡಿಗೆ ತೂಗುತ್ತಿದ್ದವು. ರೀಲಿನ ಒಂದು ತಿರುವಿನಲ್ಲಿ ಪಿಟೀಲಿನವರು ಒಂದು ಸ್ವರವನ್ನು ಎಳೆದಾಗ ಇವರ ಹಿಮ್ಮಡಿ ಅಲ್ಲಿ ಒಂದು ಪೆಟ್ಟನ್ನು ಬಿಟ್ಟುಬಿಟ್ಟಿತು. ಮರುಸುತ್ತಿನಲ್ಲಿ ಅದೇ ಜಾಗಕ್ಕೆ ಬಂದಾಗ ಮೂರು ಪೆಟ್ಟು ತುಂಬಿತು. ಮೆಲೋಡಿಯನ್‌ನವರು ನಕ್ಕು, ಮುಂದಿನ ಸುತ್ತಿನಲ್ಲಿ ಆ ಮೂರನ್ನೇ ಬಾರಿಸಿ ಉತ್ತರ ಕೊಟ್ಟರು. ಮೂಲೆಯಿಂದ ಒಬ್ಬರು ‘ಮೊ ಖ್ಯೋಲ್ ಹೂ!’ ಎಂದು ಕೂಗಿದರು. ನಾವು ಭಲೇ ಅನ್ನುವ ಕಡೆ ಅವರು ಹೇಳುವ ಮಾತು ಅದು. ಪದಕ್ಕೆ ಪದ ಹಿಡಿದರೆ ‘ನನ್ನ ಸಂಗೀತ ನೀನು’ ಎಂದಾಗುತ್ತದೆ. ಕುಣಿಯುವ ಮನುಷ್ಯನನ್ನು ಸಂಗೀತವೆಂದು ಕರೆಯುವ ಭಾಷೆ ಅದು.

ಈ ಕುಣಿತಕ್ಕೆ ಷಾನ್-ನೋಸ್ ಎಂದು ಹೆಸರು. ಹಾಗೆಂದರೆ ಹಳೆಯ ರೀತಿ. ಇದರಲ್ಲಿ ಮೊದಲೇ ಕೂಡಿಸಿಟ್ಟ ಹೆಜ್ಜೆಗಳ ಕ್ರಮ ಇರುವುದಿಲ್ಲ. ಕೈಯಲ್ಲಿರುವ ಕೆಲವು ನುಡಿಗಳನ್ನು ಆ ಹೊತ್ತಿನ ಸಂಗೀತಕ್ಕೆ ತಕ್ಕ ಹಾಗೆ ಕೂಡಿಸಿಕೊಂಡು ಹೋಗುವುದು. ತನಿ ಆವರ್ತನ ಕೇಳಿದವರಿಗೆ ಇದು ಹೊಸತೆನಿಸುವುದಿಲ್ಲ. ಒಬ್ಬರು ಕುಣಿದು ಪಕ್ಕಕ್ಕೆ ಸರಿದರೆ ಇನ್ನೊಬ್ಬರು ಆ ಜಾಗಕ್ಕೆ ಬರುತ್ತಾರೆ. ನೆಲಕ್ಕೆ ಕೊಡುವ ಪೆಟ್ಟಿಗೆ ‘ಬ್ಯಾಟರಿಂಗ್’ ಎನ್ನುತ್ತಾರೆ.

ಸದ್ದಿಗಾಗಿ ಆ ಜನ ಎಷ್ಟು ಪಾಡು ಪಡುತ್ತಿದ್ದರು ಎನ್ನುವುದಕ್ಕೆ ಎರಡು ಸಂಗತಿ ಹೇಳುತ್ತೇನೆ. ಹಳೆಯ ಹಳ್ಳಿಮನೆಗಳ ನೆಲ ಬಹುಮಟ್ಟಿಗೆ ಮಣ್ಣಿನದು. ಮಣ್ಣಿನ ಮೇಲೆ ಹೆಜ್ಜೆ ಸದ್ದು ಮಾಡುವುದಿಲ್ಲ. ಹಾಗಾಗಿ ಮುಂಬಾಗಿಲಿನ ಕೆಳಗಿನ ಅರ್ಧವನ್ನು ಕೀಲಿನಿಂದ ಬಿಡಿಸಿ ನೆಲಕ್ಕೆ ಹಾಸುತ್ತಿದ್ದರು. ಅದೇ ರಂಗ. ಒಲೆಯ ಮುಂದೆ ಚಪ್ಪಡಿ ಕಲ್ಲಿದ್ದರೆ ಅದರ ಮೇಲೂ ಕುಣಿಯುತ್ತಿದ್ದರು. ಆ ಚಪ್ಪಡಿಯ ಕೆಳಗೆ ಕುದುರೆಯ ತಲೆಬುರುಡೆ ಹೂತಿಡುವ ಪದ್ಧತಿ ಐರ್ಲೆಂಡಿನ ಜಾನಪದ ಸಂಗ್ರಹಗಳಲ್ಲಿ ದಾಖಲಾಗಿದೆ. ಯಾಕೆಂದು ಕೇಳಿದಾಗ ಹಳ್ಳಿಯವರು ಕೊಟ್ಟ ಕಾರಣ, ಕುಣಿಯುವಾಗ ಹೆಜ್ಜೆ ಚೆನ್ನಾಗಿ ಮಾರ್ದನಿಸಲಿ ಎಂದು. ಮನೆಗೆ ಒಳ್ಳೆಯದಾಗಲೆಂಬ ಹಳೆಯ ನಂಬಿಕೆ ಇದರ ಹಿಂದಿದೆ ಎನ್ನುವ ವಿದ್ವಾಂಸರೂ ಇದ್ದಾರೆ, ಇರಬಹುದು. ಆದರೆ ಆ ಜನ ತಮ್ಮ ಬಾಯಿಂದ ಹೇಳಿದ ಕಾರಣ ನನಗೆ ಮುಖ್ಯ. ಘಟವನ್ನು ಹೊಟ್ಟೆಗೆ ಒತ್ತಿ ನಾದ ಬದಲಿಸುವ ನಾಡಿನಿಂದ ಹೋದ ನನಗೆ ಅದು ತಕ್ಷಣ ಅರ್ಥವಾಯಿತು. ನೆಲವೇ ಅವರ ವಾದ್ಯ.

ಇನ್ನು ಕಲಿಸುವವರ ಮಾತು. 18ನೇ ಶತಮಾನದಲ್ಲಿ ಊರೂರು ತಿರುಗುವ ನೃತ್ಯದ ಮೇಷ್ಟ್ರುಗಳಿದ್ದರು. 1770ರ ದಶಕದ ಕೊನೆಯಲ್ಲಿ ಐರ್ಲೆಂಡ್ ಸುತ್ತಿದ ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಪ್ರವಾಸಿ ಅವರನ್ನು ಕಂಡು ಬರೆದಿದ್ದಾನೆ. ಬಡವರ ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದರು, ಜೊತೆಗೆ ಒಬ್ಬ ಪೈಪ್ ಊದುವವನೋ ಕುರುಡ ಪಿಟೀಲು ವಾದಕನೋ ಇರುತ್ತಿದ್ದ, ಮೂರು ತಿಂಗಳಿಗೆ ಸಂಬಳ ಆರು ಪೆನ್ಸ್. ಎಡ ಬಲ ತಿಳಿಯದ ಮಕ್ಕಳ ಒಂದು ಕಾಲಿಗೆ ಹುಲ್ಲಿನ ಹಗ್ಗ, ಇನ್ನೊಂದಕ್ಕೆ ಬಳ್ಳಿ ಕಟ್ಟಿ, ಅವುಗಳ ಹೆಸರು ಹೇಳಿ ಹೆಜ್ಜೆ ಹಾಕಿಸುತ್ತಿದ್ದರಂತೆ. ಒಳ್ಳೆಯ ನರ್ತಕನೆಂದರೆ ಇದ್ದಲ್ಲೇ ಕುಣಿಯಬಲ್ಲವನು. ಊಟದ ತಟ್ಟೆಯಷ್ಟು ಜಾಗ ಅವನಿಗೆ ಸಾಕು ಎಂದು ಹೊಗಳುವುದಿತ್ತು. ಮೈ ನೆಟ್ಟಗಿರಬೇಕು, ಕೈ ಬೀಸಾಡಬಾರದು ಎಂಬ ಶಿಸ್ತನ್ನು ಈ ಮೇಷ್ಟ್ರುಗಳೇ ಕಲಿಸಿದ್ದರೂ ಆಶ್ಚರ್ಯವಿಲ್ಲ. ಕೈ ನೆಟ್ಟಗಿರುವುದಕ್ಕೆ ಹತ್ತಾರು ಕಥೆಗಳಿವೆ. ಇಂಗ್ಲಿಷರಿಗೆ ಕಿಟಕಿಯಿಂದ ಕುಣಿತ ಕಾಣಬಾರದೆಂದು ಕಾಲು ಮಾತ್ರ ಆಡಿಸಿದರು ಎಂಬುದು ಅವುಗಳಲ್ಲಿ ಹೆಚ್ಚು ಹೆಸರಾದದ್ದು. ಯಾವುದಕ್ಕೂ ಪುರಾವೆ ಇಲ್ಲ. ದಯವಿಟ್ಟು ಅದನ್ನು ಇತಿಹಾಸವೆಂದು ಯಾರಿಗೂ ಹೇಳಬೇಡಿ.

1893ರಲ್ಲಿ ಗೇಲಿಕ್ ಲೀಗ್ ಹುಟ್ಟಿತು. ಇಂಗ್ಲಿಷ್ ಆಳ್ವಿಕೆಯಲ್ಲಿ ಸೊರಗಿದ ಐರಿಷ್ ಭಾಷೆಯನ್ನು ಉಳಿಸಬೇಕೆಂದು ಕಟ್ಟಿದ ಸಂಸ್ಥೆ. ಭಾಷೆಯ ಜೊತೆಗೆ ಕುಣಿತವನ್ನೂ ಕೈಗೆತ್ತಿಕೊಂಡಿತು. ಇವತ್ತು ಐರಿಷ್ ಪರಂಪರೆಯ ಗುರುತೇ ಆಗಿರುವ ‘ಕೇಲಿ’ ಎಂಬ ಕುಣಿತದ ಕೂಟ ಮೊದಲು ನಡೆದದ್ದು 1897ರಲ್ಲಿ, ಅದೂ ಲಂಡನ್ನಿನ ಬ್ಲೂಮ್ಸ್‌ಬರಿ ಹಾಲಿನಲ್ಲಿ. ಲಂಡನ್ನಿನಲ್ಲಿದ್ದ ಸ್ಕಾಟ್ಲೆಂಡಿನವರ ಕೂಟಗಳನ್ನು ನೋಡಿ ಹಾಗೆ ಮಾಡಿದರು. ಆವತ್ತು ಕುಣಿದವುಗಳಲ್ಲಿ ಯೂರೋಪಿನ ಜೋಡಿಕುಣಿತವಾದ ವಾಲ್ಟ್ಸ್ ಕೂಡ ಇತ್ತು. ಆಮೇಲೆ, ಯಾವುದು ನಮ್ಮದು ಯಾವುದು ಅನ್ಯರದು ಎಂಬ ಚರ್ಚೆ ಎದ್ದಿತು. ಹಳ್ಳಿಗಳಲ್ಲಿ ಜನ ಬಹಳ ಪ್ರೀತಿಯಿಂದ ಕುಣಿಯುತ್ತಿದ್ದ ‘ಸೆಟ್’ಗಳನ್ನು, ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುವಂಥದ್ದನ್ನು, ಅನ್ಯ ಎಂದು ಲೀಗ್ ದೂರ ಇಟ್ಟಿತು. ಅವುಗಳ ಮೂಲ ಫ್ರಾನ್ಸಿನ ಕ್ವಾಡ್ರಿಲ್, ಅವು 19ನೇ ಶತಮಾನದ ಮೊದಲಲ್ಲಿ ಸೈನಿಕರ ಜೊತೆ ಬಂದವು ಎಂಬುದೇನೋ ನಿಜ. ಆದರೆ ಕ್ಲೇರ್ ಮತ್ತು ಕೆರಿ ಕೌಂಟಿಗಳ ರೈತರು ಆ ಫ್ರೆಂಚ್ ಚೌಕದೊಳಗೆ ತಮ್ಮ ರೀಲು, ಜಿಗ್ಗು, ನೆಲ ಬಡಿಯುವ ಹೆಜ್ಜೆಗಳನ್ನು ತುಂಬಿಬಿಟ್ಟಿದ್ದರು. ಅನ್ಯವೆಂದು ಬಿಟ್ಟದ್ದರಲ್ಲೇ ಹಳೆಯ ಸದ್ದು ಉಳಿದಿತ್ತು. ಮಣ್ಣಿನ ಮೇಲೆ ಪ್ರೀತಿ ಇದ್ದವರೇ ಹೀಗೆ ಮಾಡಿದರಲ್ಲ ಎಂದು ನನಗೆ ಇವತ್ತಿಗೂ ಬೇಸರವಾಗುತ್ತದೆ.

1935ರಲ್ಲಿ ಸ್ವತಂತ್ರ ಐರ್ಲೆಂಡಿನ ಸರ್ಕಾರ ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಬೇಕೆಂದು ಕಾನೂನು ತಂದಿತು. ಪಾದ್ರಿಗಳೂ ಪೊಲೀಸರೂ ಅದನ್ನು ಹಿಡಿದುಕೊಂಡು ಮನೆಯಂಗಳದ, ನಾಲ್ಕುದಾರಿ ಕೂಡುವಲ್ಲಿನ ಕುಣಿತಗಳನ್ನೂ ನಿಲ್ಲಿಸಿದರು. ಕುಣಿತ ಚರ್ಚಿನ ಹಾಲುಗಳಿಗೆ ಹೋಯಿತು. ಹಾಲು ದೊಡ್ಡದು, ಜನ ನೂರಾರು, ಒಂದು ಪಿಟೀಲು ಸಾಲದು. ಪಿಯಾನೋ, ಡ್ರಮ್ ಸೇರಿಸಿ ಕೇಲಿ ಬ್ಯಾಂಡುಗಳು ಬಂದವು. ಆ ಬ್ಯಾಂಡುಗಳ ಸಂಗೀತ ನನಗೆ ಇಷ್ಟ. ಆದರೆ ಅಲ್ಲಿ ಒಬ್ಬನ ಹೆಜ್ಜೆ ಇನ್ನೊಬ್ಬನಿಗೆ ಕೇಳಿಸುವುದಿಲ್ಲ, ವಾದ್ಯಗಾರನಿಗಂತೂ ಇಲ್ಲವೇ ಇಲ್ಲ.

ಈಗ ಸ್ಪರ್ಧೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಜಗತ್ತು ‘ಸಾಂಪ್ರದಾಯಿಕ ಐರಿಷ್ ನೃತ್ಯ’ ಎಂದು ಕರೆಯುವುದು ಬಹುಪಾಲು ಇದನ್ನೇ. 1930ರ ಸುಮಾರಿಗೆ ಗೇಲಿಕ್ ಲೀಗಿನ ಆಶ್ರಯದಲ್ಲಿ ನೃತ್ಯಕ್ಕೊಂದು ಆಯೋಗ ಬಂತು. ಶಿಕ್ಷಕರಿಗೆ ಪರೀಕ್ಷೆ, ತೀರ್ಪುಗಾರರಿಗೆ ಪರೀಕ್ಷೆ, ಸ್ಪರ್ಧೆಗೆ ನಿಯಮ. ಸ್ಪರ್ಧೆಯ ಮೇಳಕ್ಕೆ ‘ಫೆಶ್’ ಎನ್ನುತ್ತಾರೆ. ವಿಶ್ವ ಸ್ಪರ್ಧೆ ಶುರುವಾದದ್ದು 1970ರಲ್ಲಿ, ಡಬ್ಲಿನ್ನಿನಲ್ಲಿ.

ಫೆಶ್‌ನಲ್ಲಿ ಮಗು ಏನು ಮಾಡುತ್ತದೆ ನೋಡಿ. ಎಂಟು ಆವರ್ತದ ಒಂದು ಹೆಜ್ಜೆಯನ್ನು ಬಲಗಾಲಿನಿಂದ ಮಾಡಿ, ಅದನ್ನೇ ಮತ್ತೆ ಎಡಗಾಲಿನಿಂದ ಮಾಡಬೇಕು. ನೀವು ಅಡವನ್ನು ಬಲಕ್ಕೆ ಮಾಡಿ ಎಡಕ್ಕೆ ಮಾಡುತ್ತೀರಲ್ಲ, ಹಾಗೆಯೇ. ಎಡ ಬಲದ ಈ ಸಮತೋಲ ಮೇಷ್ಟ್ರುಗಳ ಕಾಲದಿಂದ ಬಂದದ್ದು, ಇದರಲ್ಲಿ ರಾಜಿ ಇಲ್ಲ. ಮೊಣಕಾಲುಗಳು ಒಂದರ ಮೇಲೊಂದು ಅಡ್ಡವಾಗಿರಬೇಕು, ಪಾದ ಹೊರಕ್ಕೆ ತಿರುಗಿರಬೇಕು, ಮುಂಗಾಲಿನ ಮೇಲೆ ಎದ್ದಿರಬೇಕು, ಮೇಲ್ಮೈ ಅಲುಗಬಾರದು. ನಮ್ಮ ಅರೆಮಂಡಿಯ ತೂಕ ಕೆಳಕ್ಕೆ. ಅವರದು ಎಲ್ಲ ಮೇಲಕ್ಕೆ. ನಲವತ್ತರ ಹತ್ತಿರ ನನ್ನ ಮೈಗೆ ಅದನ್ನು ಕಲಿಸುವುದಕ್ಕೆ ಎರಡು ವರ್ಷ ಬೇಕಾಯಿತು. ಎರಡು ಬಗೆಯ ಷೂ ಇವೆ. ರೀಲು, ಸ್ಲಿಪ್ ಜಿಗ್‌ಗಳಿಗೆ ಹೆಣ್ಣುಮಕ್ಕಳು ಹಾಕುವುದು ಮೆತ್ತನೆಯ ತೊಗಲಿನ ಷೂ, ಸದ್ದಿಲ್ಲ. ಟ್ರೆಬಲ್ ಜಿಗ್, ಹಾರ್ನ್‌ಪೈಪ್‌ಗಳಿಗೆ ಗಟ್ಟಿ ಷೂ. ಹಿಂದೆ ಅದರ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದರು. ಈಗ ತುದಿಗೂ ಹಿಮ್ಮಡಿಗೂ ಫೈಬರ್‌ಗ್ಲಾಸ್. ಹಗುರವಾದ ಈ ಷೂ ಬಂದ ಮೇಲೆ ಜಿಗಿತ ಹೆಚ್ಚಿತು, ಗಾಳಿಯಲ್ಲೇ ಎರಡು ಹಿಮ್ಮಡಿ ತಾಕಿಸಿ ಚಟ್ಟೆನಿಸುವ ‘ಕ್ಲಿಕ್’ ಬಂತು, ಷೂವಿನ ತುದಿಯ ಮೇಲೇ ನಿಲ್ಲುವುದು ಬಂತು.

ಒಂದು ಹೆಜ್ಜೆಯೊಳಗೆ ಹೆಚ್ಚು ಪೆಟ್ಟು ತುಂಬಬೇಕೆಂದರೆ ಸಂಗೀತ ನಿಧಾನವಾಗಬೇಕು. ಹಾಗಾಗಿ ಮೇಲಿನ ಹಂತದ ಸ್ಪರ್ಧೆಗಳಲ್ಲಿ ಗಟ್ಟಿ ಷೂ ನೃತ್ಯದ ಗತಿಯನ್ನು ಇಳಿಸಿದರು. ಎಷ್ಟು ವೇಗದಲ್ಲಿ ಬಾರಿಸಬೇಕೆಂದು ವಾದ್ಯಗಾರನಿಗೆ ಮೆಟ್ರೊನೋಮಿನ ಅಂಕಿ ಕೊಡುತ್ತಾರೆ. ವೇದಿಕೆಯ ಪಕ್ಕದಲ್ಲಿ ಕೂತ ಅವನು ಬೆಳಗಿನಿಂದ ಸಂಜೆಯವರೆಗೆ ಅದೇ ಗತಿಯಲ್ಲಿ ಬಾರಿಸುತ್ತಾನೆ. ಇಬ್ಬರು ಮೂವರು ಮಕ್ಕಳು ಒಂದೇ ಟ್ಯೂನಿಗೆ, ತಮ್ಮ ತಮ್ಮ ಶಾಲೆ ಕೂಡಿಸಿಕೊಟ್ಟ ಬೇರೆ ಬೇರೆ ಹೆಜ್ಜೆಗಳನ್ನು ಏಕಕಾಲಕ್ಕೆ ಮಾಡುತ್ತಾರೆ. ಎಲ್ಲರ ಮುಖ ತೀರ್ಪುಗಾರರ ಮೇಜಿನ ಕಡೆಗೆ. ಕಾನಮಾರಾದ ಆ ಹಿರಿಯರು ಬೆನ್ನು ತೋರಿಸಿದ ಕಡೆಗೆ ಇವರು ಮುಖ ಮಾಡಿ ನಿಂತಿದ್ದಾರೆ. ಮೇಜಿನ ಹಿಂದೆ ಕೂತವರು ಗತಿಯನ್ನು ಕಿವಿಗೊಟ್ಟು ಗಮನಿಸುತ್ತಾರೆ, ಅದು ನಿಜ. ಆದರೆ ಇಬ್ಬರ ಹೆಜ್ಜೆ ಒಂದರ ಮೇಲೊಂದು ಬಿದ್ದಾಗ ತೀರ್ಪು ಬಹುಪಾಲು ಕಣ್ಣಿನದೇ. ದೂರಕ್ಕೆ ಎದ್ದು ಕಾಣಲೆಂದು ಉಡುಪು ಹೊಳೆಯತೊಡಗಿತು, ಪಾವಾಡೆ ಹಲಗೆಯಂತೆ ಬಿಗಿಯಾಯಿತು, ಗುಂಗುರು ಕೂದಲಿನ ವಿಗ್ ಬಂತು. ನನ್ನ ಮಗಳ ಎಣ್ಣೆ ಹಚ್ಚಿದ ಜಡೆಯ ಮೇಲೆ ಕಂದು ಗುಂಗುರಿನ ವಿಗ್ ಕೂರಿಸಿದ ದಿನ ಅವಳಿಗಿಂತ ನನಗೆ ಕಷ್ಟವಾಗಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಈ ಸ್ಪರ್ಧೆಯ ಶಿಸ್ತು ಇಲ್ಲದಿದ್ದರೆ ವಲಸೆ ಹೋದ ಐರಿಷರ ಮಕ್ಕಳಿಗೆ ಈ ಕುಣಿತ ಸಿಗುತ್ತಿರಲಿಲ್ಲ. ಪಬ್ಬಿನ ಮೂಲೆಯ ಹಿರಿಯರನ್ನು ಷಿಕಾಗೋಗೆ ಕೊಂಡೊಯ್ಯಲಾಗದು. ಪಠ್ಯ, ಪರೀಕ್ಷೆ, ಮೇಳಗಳನ್ನು ಕೊಂಡೊಯ್ಯಬಹುದು. 1975ರಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಅಮೆರಿಕನ್ ಮೈಕೆಲ್ ಫ್ಲಾಟ್ಲಿ ಷಿಕಾಗೋದವರು. ಜೀನ್ ಬಟ್ಲರ್ ನ್ಯೂಯಾರ್ಕಿನವರು. ಕಾಲಿನ್ ಡನ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಇವರು ಮೂವರೂ ಈ ಕಥೆಯ ಮುಂದಿನ ಭಾಗದಲ್ಲಿ ಬರುತ್ತಾರೆ. ಮೂವರೂ ಹೊರನಾಡಿನ ಮಕ್ಕಳು.

1994ರ ಏಪ್ರಿಲ್ 30. ಯೂರೋಪಿನ ದೇಶಗಳೆಲ್ಲ ಸೇರುವ ಯೂರೋವಿಷನ್ ಹಾಡಿನ ಸ್ಪರ್ಧೆ ಡಬ್ಲಿನ್ನಿನ ಪಾಯಿಂಟ್ ರಂಗಮಂದಿರದಲ್ಲಿ ನಡೆಯಿತು. ಮತ ಎಣಿಸುವ ಬಿಡುವಿನಲ್ಲಿ ಆತಿಥೇಯ ದೇಶ ಏನಾದರೂ ಪ್ರದರ್ಶನ ಕೊಡುವುದು ರೂಢಿ. 1981ರಲ್ಲಿ ಅದೇ ಸ್ಪರ್ಧೆ ಡಬ್ಲಿನ್ನಿಗೆ ಬಂದಿದ್ದಾಗ ಬಿಲ್ ವೀಲನ್ ಒಂದು ಸಂಗೀತ ಕೂಡಿಸಿದ್ದರು. ಆಗ ಐರಿಷ್ ಸಂಗೀತಕ್ಕೆ ಕುಣಿದವರು ಬ್ಯಾಲೆ ಕಲಾವಿದರು. ಹದಿಮೂರು ವರ್ಷದ ನಂತರ ಅದೇ ವೀಲನ್, ನಿರ್ಮಾಪಕಿ ಮೋಯಾ ಡೋಹರ್ಟಿ ಅವರೊಂದಿಗೆ ಸೇರಿ, ಐರಿಷ್ ನರ್ತಕರನ್ನೇ ಕರೆತಂದರು. ಏಳು ನಿಮಿಷದ ‘ರಿವರ್‌ಡಾನ್ಸ್’ ಅದು. ಮೊದಲು ಅನೂನಾ ತಂಡದ ವೃಂದಗಾನ, ಆಮೇಲೆ ಮೆತ್ತನೆಯ ಷೂವಿನಲ್ಲಿ ಜೀನ್ ಬಟ್ಲರ್, ಡ್ರಮ್ಮುಗಳು, ಕೈ ಚಾಚಿ ಜಿಗಿದು ಬರುವ ಫ್ಲಾಟ್ಲಿ, ಕೊನೆಗೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಗಟ್ಟಿ ಷೂಗಳ ಒಂದೇ ಸಾಲು. ಆ ಸಂಗೀತದ ಮುದ್ರಿಕೆ ಐರ್ಲೆಂಡಿನ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿತ್ತು. 1995ರ ಫೆಬ್ರವರಿಯಲ್ಲಿ ಅದೇ ರಂಗಮಂದಿರದಲ್ಲಿ ಪೂರ್ಣ ಪ್ರದರ್ಶನ ತೆರೆಕಂಡಿತು. ಆ ವರ್ಷವೇ ಫ್ಲಾಟ್ಲಿ ಹೊರನಡೆದರು, ಅವರ ಜಾಗಕ್ಕೆ ಕಾಲಿನ್ ಡನ್ ಬಂದರು. ಫ್ಲಾಟ್ಲಿ 1996ರ ಜುಲೈನಲ್ಲಿ ತಮ್ಮದೇ ‘ಲಾರ್ಡ್ ಆಫ್ ದ ಡಾನ್ಸ್’ ತೆರೆದರು.

ಆ ಸಾಲಿನ ಬಗ್ಗೆ ಹೇಳುತ್ತೇನೆ. ಗಟ್ಟಿ ಷೂ ನೃತ್ಯ ಅಲ್ಲಿಯವರೆಗೆ ಬಹುಮಟ್ಟಿಗೆ ಒಬ್ಬರೇ ಮಾಡುವಂಥದ್ದು. ಒಬ್ಬರ ಸೂಕ್ಷ್ಮ ಅದು. ಇಪ್ಪತ್ತು ಮೂವತ್ತು ಜನ ಒಂದೇ ಹೆಜ್ಜೆಯನ್ನು ಒಂದೇ ಕ್ಷಣಕ್ಕೆ ಬಡಿದಾಗ ಹುಟ್ಟುವುದು ಬೇರೆಯದೇ ಶಕ್ತಿ. ಮೈ ಜುಮ್ಮೆನ್ನುತ್ತದೆ. ಅದನ್ನು ಮೊದಲ ಸಲ ಎದುರಿಗೆ ಕಂಡಾಗ ನನ್ನ ಕಣ್ಣು ತುಂಬಿತ್ತು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆ ಸಾಲಿನಲ್ಲಿ ಒಬ್ಬಳು ಒಂದು ಪೆಟ್ಟು ಬಿಡುವಂತಿಲ್ಲ, ಒಂದು ಪೆಟ್ಟು ಸೇರಿಸುವಂತಿಲ್ಲ. ಪಿಟೀಲಿನವನು ಇವತ್ತು ಸ್ವರ ಎಳೆದ ಎಂದು ಅವಳು ಉತ್ತರ ಕೊಡಲಾರಳು. ಸಾವಿರಾರು ಆಸನಗಳ ಅಂಗಳಕ್ಕೆ ಹೆಜ್ಜೆ ಮುಟ್ಟಬೇಕೆಂದರೆ ಮೈಕು ಬೇಕು. ದೊಡ್ಡ ಪ್ರದರ್ಶನಗಳಲ್ಲಿ ಮೊದಲೇ ಮುದ್ರಿಸಿದ ಹೆಜ್ಜೆಯ ಸದ್ದನ್ನು ಬೆರೆಸುವುದೂ ಉಂಟು. ಬೆವರು ಸುರಿಸಿ ಕುಣಿಯುವವರ ಕಾಲಿನ ಸದ್ದಿನ ಮೇಲೆ ಎಂದೋ ಮುದ್ರಿಸಿದ ಸದ್ದು ಕೂತಿರುತ್ತದೆ. ಕೇಳುವ ಕುಣಿತವೊಂದು ಇದಕ್ಕಿಂತ ದೂರ ಹೋಗಲಾರದು ಎನ್ನಿಸಿ ನನಗೆ ನೋವಾಗುತ್ತದೆ.

ಎಡ ಬಲದ ನಿಯಮವೂ ರಂಗದ ಮೇಲೆ ಸಡಿಲವಾಯಿತು. ಬಲಗಾಲಿನಲ್ಲಿ ಮಾಡಿದ್ದನ್ನು ಎಡಗಾಲಿನಲ್ಲಿ ಮರಳಿ ಮಾಡಿದರೆ ಪ್ರೇಕ್ಷಕನಿಗೆ ಕಂಡದ್ದೇ ಕಂಡಂತಾಗುತ್ತದೆ. ಹಾಗಾಗಿ ಹೆಜ್ಜೆಗಳು ಮುಂದಕ್ಕೆ ಓಡುತ್ತವೆ, ಸಾಲುಗಳು ತಿರುಗುತ್ತವೆ, ಆಕಾರಗಳು ಬದಲಾಗುತ್ತವೆ. ಗಂಡು ಹೆಣ್ಣಿನ ಒಲವನ್ನು ಕಣ್ಣಿನಲ್ಲಿ, ಕೈಯಲ್ಲಿ ತೋರಿಸುವುದು ಬಂತು. ಫೆಶ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಇನ್ನು ವೇಷ. ಸ್ಪರ್ಧೆಯ ಮಕ್ಕಳು ವಿಗ್ಗಿನಲ್ಲಿ ಹೂತುಹೋಗುತ್ತಿದ್ದ ಆ ವರ್ಷಗಳಲ್ಲೇ ರಿವರ್‌ಡಾನ್ಸ್‌ನ ಹೆಣ್ಣುಮಕ್ಕಳು ಸರಳವಾದ ಗಿಡ್ಡ ಉಡುಪು ತೊಟ್ಟು, ಕೂದಲು ಇಳಿಬಿಟ್ಟು ಬಂದರು. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಪೂರ್ತಿಯಾಗಿ ರಂಗಪ್ರದರ್ಶನದ ಕಡೆಗಿದೆ.

ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇದೆ. ಅಲ್ಲಿಯವರೆಗೆ ಇಪ್ಪತ್ತರ ಆಸುಪಾಸಿನಲ್ಲಿ ಸ್ಪರ್ಧೆ ಮುಗಿಸಿದ ಚಾಂಪಿಯನ್‌ಗೆ ಎರಡೇ ದಾರಿ, ಶಿಕ್ಷಕರಾಗುವುದು ಇಲ್ಲವೇ ಷೂ ಎತ್ತಿಡುವುದು. ಆಮೇಲೆ ಕುಣಿದು ಬದುಕುವುದು ಸಾಧ್ಯವಾಯಿತು. ಗಂಡುಹುಡುಗರು ನಾಚಿಕೆಯಿಲ್ಲದೆ ತರಗತಿಗೆ ಬಂದರು.

ರಿವರ್‌ಡಾನ್ಸ್‌ನ ಒಳಗೇ ನನಗೆ ಅತಿ ಪ್ರಿಯವಾದ ಒಂದು ಭಾಗವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ‘ಟ್ರೇಡಿಂಗ್ ಟ್ಯಾಪ್ಸ್’ ಎಂದು ಅದರ ಹೆಸರು. ವಲಸೆ ಹೋದ ಐರಿಷ್ ನರ್ತಕರೂ, ಷೂವಿನ ಅಟ್ಟೆಗೆ ಲೋಹದ ತುಂಡು ಹಾಕಿ ನೆಲ ಬಡಿದು ಕುಣಿಯುವ ಅಮೆರಿಕದ ಕರಿಯ ಟ್ಯಾಪ್ ನರ್ತಕರೂ ಎದುರುಬದುರಾಗುತ್ತಾರೆ. ಇವರು ಒಂದು ನುಡಿ ಬಾರಿಸಿದರೆ ಅವರು ಉತ್ತರ ಕೊಡುತ್ತಾರೆ. 19ನೇ ಶತಮಾನದ ಅಮೆರಿಕದಲ್ಲಿ ಆಫ್ರಿಕಾ ಮೂಲದವರ ಕುಣಿತವೂ ಐರಿಷ್ ಜಿಗ್ಗೂ ಕೂಡಿಯೇ ಟ್ಯಾಪ್ ಹುಟ್ಟಿದ್ದು. ಅಣ್ಣತಮ್ಮಂದಿರು ಬಹಳ ಕಾಲದ ಮೇಲೆ ಭೇಟಿಯಾದ ಹಾಗೆ ಇರುತ್ತದೆ. ಅಷ್ಟು ಹೊತ್ತು ಆ ದೊಡ್ಡ ವೇದಿಕೆಯ ಮೇಲೆ ಒಬ್ಬರು ಇನ್ನೊಬ್ಬರ ಕಾಲಿಗೆ ಕಿವಿಗೊಡುತ್ತಾರೆ.

ಹಾಗಾದರೆ ರಂಗದ ಮೇಲೆ ಹೋದದ್ದೇ ತಪ್ಪೇ? ಖಂಡಿತ ಅಲ್ಲ. ಕೆರಿ ಕೌಂಟಿಯ ಟ್ರಲೀ ಊರಿನಲ್ಲಿ ‘ಷೀಮ್ಸ ಟೀರ’ ಎಂಬ ರಾಷ್ಟ್ರೀಯ ಜಾನಪದ ರಂಗತಂಡವಿದೆ, 1974ರದ್ದು. 20ನೇ ಶತಮಾನದ ಮೊದಲ ಅರ್ಧದಲ್ಲಿ ಉತ್ತರ ಕೆರಿಯ ಹಳ್ಳಿಗಳನ್ನು ಸುತ್ತಿ ಕಲಿಸಿದ ಕೊನೆಯ ಮೇಷ್ಟ್ರುಗಳಲ್ಲಿ ಒಬ್ಬರಾದ ಜೆರಮೈಯಾ ಮೊಲಿನೋ ಅವರ ಹೆಜ್ಜೆಗಳನ್ನು ಆ ತಂಡ ಕಲಿತು ರಂಗಕ್ಕೆ ತಂದಿದೆ. ನೆಲಕ್ಕೆ ಹತ್ತಿರ, ಮಂಡಿ ಸಡಿಲ, ಸದ್ದು ಸ್ಪಷ್ಟ.

ಕಾಲಿನ್ ಡನ್ ಮಾಡಿದ್ದನ್ನೂ ಹೇಳಬೇಕು. ಸ್ಪರ್ಧೆಯಲ್ಲಿ ಒಂಬತ್ತು ವಿಶ್ವ ಪ್ರಶಸ್ತಿ, ರಿವರ್‌ಡಾನ್ಸ್‌ನಲ್ಲಿ ನಾಯಕನ ಸ್ಥಾನ, ಎಲ್ಲ ಕಂಡ ಮನುಷ್ಯ. ಆಮೇಲೆ ಲಿಮರಿಕ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಕಾಲೀನ ನೃತ್ಯ ಓದಿದರು. 2008ರಲ್ಲಿ ‘ಔಟ್ ಆಫ್ ಟೈಮ್’ ಎಂಬ ಏಕವ್ಯಕ್ತಿ ಪ್ರದರ್ಶನ ಮಾಡಿದರು. ಹಿಂದೆ ತೆರೆಯ ಮೇಲೆ ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಹಳ್ಳಿಯ ನರ್ತಕರು ಕುಣಿಯುತ್ತಾರೆ. ಮುಂದೆ ಡನ್, ಕಾಲಿನ ಬಳಿ ಪುಟ್ಟ ಮೈಕು ಇಟ್ಟುಕೊಂಡು, ಅವರ ಜೊತೆ ಹೆಜ್ಜೆ ಕೂಡಿಸುತ್ತಾರೆ. ಕಾಲು ನೆಲಕ್ಕೆ ಸವರಿದ ಸದ್ದೂ ಕೇಳುತ್ತದೆ. ಮೈಕು ಅದೇ ಯಂತ್ರ. ಮೂವತ್ತು ಜನರ ಆರ್ಭಟವನ್ನು ಹೆಚ್ಚಿಸುವುದಕ್ಕೆ ಬಳಸಿದ್ದನ್ನು ಅವರು ಒಂದು ಕಾಲಿನ ಪಿಸುಮಾತು ಕೇಳುವುದಕ್ಕೆ ಬಳಸಿದರು. ಜೀನ್ ಬಟ್ಲರ್ ಕೂಡ ಹೊಳೆಯುವ ರಂಗಗಳನ್ನು ಬಿಟ್ಟು ಇಂಥದೇ ನಿಧಾನದ ಹುಡುಕಾಟಕ್ಕೆ ಹೋದರು.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದೆವು. ಭರತನಾಟ್ಯ ಕಲಿಸುವ ಹಿರಿಯರೊಬ್ಬರು, ‘ನಿಮ್ಮ ಮಗಳು ಈಗ ಯಾವುದನ್ನು ಕುಣಿಯುತ್ತಾಳಮ್ಮ?’ ಎಂದು ಕೇಳಿದರು. ನಾನು ಅವರಿಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಮೇಡಂ, ಅವಳಿಗೆ ಈಗ ಹದಿನೇಳು. ಇನ್ನೂ ಫೆಶ್‌ಗೆ ಹೋಗುತ್ತಾಳೆ, ರಂಗಪ್ರದರ್ಶನದ ತಂಡ ಸೇರಬೇಕೆಂಬ ಆಸೆಯೂ ಇದೆ, ನಾನು ಬೇಡವೆಂದಿಲ್ಲ. ಹೋದ ಚಳಿಗಾಲದಲ್ಲಿ ಒಂದು ಗುರುವಾರ ಅವಳನ್ನು ಕಾನಮಾರಾದ ಅದೇ ಪಬ್ಬಿಗೆ ಕರೆದುಕೊಂಡು ಹೋಗಿದ್ದೆ. ಕುಣಿ ಎಂದರು. ದಿನಾ ಹಾಕುವ ಷೂವಿನಲ್ಲೇ ಎದ್ದಳು, ರೂಢಿಯಂತೆ ನಮಗೆ ಮುಖ ಮಾಡಿ ನಿಂತು ಕಾಲು ಚಾಚಿದಳು. ತಾನು ಕಲಿತ ಹೆಜ್ಜೆಯನ್ನು ಬಲಕ್ಕೆ ಮಾಡಿದಳು, ಎಡಕ್ಕೆ ಮಾಡಿದಳು. ಕಲಿತದ್ದು ಅಲ್ಲಿಗೆ ಮುಗಿಯಿತು, ಆದರೆ ಮೆಲೋಡಿಯನ್‌ನವರು ನಿಲ್ಲಿಸಲಿಲ್ಲ. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತಿರುಗಿ ಅವರನ್ನು ನೋಡಿದಳು. ಅವರು ಟ್ಯೂನಿನ ಒಂದು ತುಣುಕನ್ನೇ ಎರಡು ಸಲ ಬಾರಿಸಿ ಅವಳ ಕಾಲಿನ ಕಡೆ ನೋಡಿದರು. ಅವಳು ಹಿಮ್ಮಡಿಯಿಂದ ಒಂದು ಪೆಟ್ಟು ಕೊಟ್ಟಳು. ಅವರು ತಲೆಯಾಡಿಸಿ ಮತ್ತೆ ಬಾರಿಸಿದರು. ನಮಗೆ ಅವಳ ಬೆನ್ನು ಕಾಣುತ್ತಿತ್ತು.